ಜಾಮೀನು ಎಂಬ ಮಾತಿನ ಭಾರ



ದಿನಪತ್ರಿಕೆ ತೆರೆದರೆ ‘ಜಾಮೀನು’ ಎಂಬ ಶಬ್ದ ಕಣ್ಣಿಗೆ ಬೀಳದ ದಿನವಿಲ್ಲ. ಇಂಥವರಿಗೆ ಜಾಮೀನು ಮಂಜೂರಾಯಿತು, ಇಂಥವರ ಜಾಮೀನು ಅರ್ಜಿ ವಜಾ ಆಯಿತು, ಇಂಥವರು ನಿರೀಕ್ಷಣಾ ಜಾಮೀನಿಗಾಗಿ ಕೋರ್ಟಿನ ಮೊರೆ ಹೋದರು ಎಂದು ಓದುತ್ತಲೇ ಇರುತ್ತೇವೆ. ಓದು ಬರಹ ತಿಳಿಯದ ನಮ್ಮ ಅಜ್ಜಿಯಂದಿರನ್ನು ಕೇಳಿದರೂ ಇದರ ಅರ್ಥ ಹೇಳಬಲ್ಲರು. ಜಾಮೀನು ಎಂದರೆ ಜೈಲಿನಿಂದ ಹೊರಗೆ ಬರುವುದು, ಅಷ್ಟೇ.

ಆದರೆ ಈ ಶಬ್ದ ಹುಟ್ಟಿದಾಗ ಅದಕ್ಕೆ ಬಿಡುಗಡೆ ಎಂಬ ಅರ್ಥವಿರಲಿಲ್ಲ. ಅದು ಒಬ್ಬ ಮನುಷ್ಯನನ್ನು ಕರೆಯುವ ಮಾತಾಗಿತ್ತು. ಇನ್ನೊಬ್ಬರ ಹೊಣೆಯನ್ನು ತನ್ನ ಕೊರಳಿಗೆ ಕಟ್ಟಿಕೊಂಡು ಮುಂದೆ ಬಂದು ನಿಲ್ಲುವವನಿಗೆ ಅರಬಿಯಲ್ಲಿ ‘ಳಾಮಿನ್’ ಎನ್ನುತ್ತಾರೆ. ಅದೇ ಉರ್ದುವಿನಲ್ಲಿ ‘ಝಾಮಿನ್’, ಕನ್ನಡದಲ್ಲಿ ‘ಜಾಮೀನು’. ಇಂದು ಹೊರಗೆ ಬಂದವನ ಹೆಸರು ಎಲ್ಲರಿಗೂ ತಿಳಿಯುತ್ತದೆ. ಅವನಿಗಾಗಿ ನಿಂತವನ ನೆನಪು ಯಾರಿಗೂ ಇರುವುದಿಲ್ಲ. ಶಬ್ದದೊಳಗಿದ್ದ ಆ ಮನುಷ್ಯನನ್ನು ಮತ್ತೆ ಹುಡುಕಿ ನೋಡುವುದು ಈ ಲೇಖನದ ಉದ್ದೇಶ. ಏಕೆಂದರೆ ಒಂದಲ್ಲ ಒಂದು ದಿನ ನಮ್ಮ ಮನೆಯ ಬಾಗಿಲಿಗೂ ಯಾರಾದರೂ ಬಂದು, “ಭಾಯಿಜಾನ್, ನನ್ನ ಮಗನಿಗೆ ಶ್ಯೂರಿಟಿ ಹಾಕುತ್ತೀರಾ?” ಎಂದು ಕೇಳುತ್ತಾರೆ. ಆಗ ಏನು ಉತ್ತರ ಕೊಡಬೇಕೆಂಬುದು ದೀನ್‌ಗೆ ಸಂಬಂಧಿಸಿದ ಪ್ರಶ್ನೆಯೂ ಹೌದು.

ಒಂದು ಅಕ್ಷರದ ಪಯಣ

ಅರಬಿ ವರ್ಣಮಾಲೆಯಲ್ಲಿ ‘ಳಾದ್’ ಎಂಬ ಅಕ್ಷರವಿದೆ. ಅದರ ಉಚ್ಚಾರಣೆ ಎಷ್ಟು ವಿಶಿಷ್ಟವೆಂದರೆ ಅರಬರು ತಮ್ಮ ಭಾಷೆಯನ್ನೇ ‘ಳಾದ್‌ನ ಭಾಷೆ’ ಎಂದು ಕರೆದುಕೊಂಡರು. ಮದ್ರಸದಲ್ಲಿ ಕಾಯಿದಾ ಓದುವ ಮಕ್ಕಳ ನಾಲಿಗೆ ತಡವರಿಸುವುದೂ ಈ ಅಕ್ಷರದಲ್ಲೇ. ಫಾರ್ಸಿ ಮತ್ತು ಉರ್ದು ಮಾತಾಡುವವರ ಬಾಯಲ್ಲಿ ಅದು ‘ಝ’ ಆಯಿತು, ಕನ್ನಡಕ್ಕೆ ಬರುವಾಗ ‘ಜ’ ಆಯಿತು. ಕರಾವಳಿಯ ಸಹೋದರರು ‘ರಮಳಾನ್’ ಎನ್ನುವ ತಿಂಗಳನ್ನು ಬೆಂಗಳೂರಿನ ನಾವು ‘ರಮಝಾನ್’ ಎನ್ನುತ್ತೇವೆ, ಪತ್ರಿಕೆಗಳು ‘ರಂಜಾನ್’ ಎಂದು ಬರೆಯುತ್ತವೆ. ಮೂರೂ ಒಂದೇ.

ಈ ಒಂದು ಅಕ್ಷರವನ್ನು ಹಿಡಿದುಕೊಂಡು ನಮ್ಮ ಕೋರ್ಟುಗಳ ಕನ್ನಡವನ್ನು ನೋಡಿರಿ. ‘ಅರ್ಜಿ’ ಎಂದರೆ ಮೂಲದಲ್ಲಿ ಮುಂದಿಡುವುದು. ‘ಹಾಜರು’ ಎಂದರೆ ಎದುರಿಗಿರುವವನು. ‘ಜಪ್ತಿ’ ಎಂದರೆ ಬಿಗಿಯಾಗಿ ಹಿಡಿಯುವುದು. ‘ವಜಾ’ ಎಂದರೆ ಕೆಳಗಿಡುವುದು. ‘ರಾಜಿ’ ಎಂದರೆ ತೃಪ್ತನಾದವನು. ಸಹಾಬಿಗಳ ಹೆಸರಿನೊಂದಿಗೆ ನಾವು ಹೇಳುವ ‘ರಳಿಯಲ್ಲಾಹು ಅನ್ಹು’ ಎಂಬ ಪ್ರಾರ್ಥನೆಯೂ, ವ್ಯಾಜ್ಯಗಾರರಿಬ್ಬರು ಮಾಡಿಕೊಳ್ಳುವ ರಾಜಿಯೂ ಒಂದೇ ಧಾತುವಿನಿಂದ ಬಂದವು. ಇವೆಲ್ಲವೂ ಳಾದ್ ಅಕ್ಷರ ಕನ್ನಡದ ಮನೆಗೆ ತಂದ ಸೊಸೆಯಂದಿರು. ಇಂದು ಅವರನ್ನು ಪರಕೀಯರೆಂದು ಯಾರೂ ಹೇಳಲಾರರು.

ಇವು ಬಂದ ದಾರಿ ದೀರ್ಘವಾದುದು. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಯಿತು. ಅನಂತರ ವಿಜಾಪುರದ ಆದಿಲ್‌ಶಾಹಿಗಳು 1686ರವರೆಗೆ ಆಳಿದರು. 1687ರಲ್ಲಿ ಮೊಗಲರು ಶಿರಾವನ್ನು ತಮ್ಮ ಪ್ರಾಂತದ ಕೇಂದ್ರ ಮಾಡಿಕೊಂಡರು. ಆಮೇಲೆ ಮೈಸೂರಿನಲ್ಲಿ ಹೈದರಲಿ ಮತ್ತು ಟಿಪ್ಪು ಸುಲ್ತಾನರ ಆಡಳಿತ ಬಂತು. ಈ ಎಲ್ಲ ದಫ್ತರಗಳ ಫಾರ್ಸಿ ಮಾತುಗಳು ಕಂದಾಯದ ಕಡತಗಳಿಂದ ಊರ ಚಾವಡಿಗೆ, ಚಾವಡಿಯಿಂದ ರೈತನ ಮನೆಗೆ ಇಳಿದವು. 1837ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ತನ್ನ ನ್ಯಾಯಾಲಯಗಳಿಂದ ಫಾರ್ಸಿಯನ್ನು ಕೈಬಿಡಲು ಕಾನೂನು ಮಾಡಿತು. ಭಾಷೆ ಹೋಯಿತು, ಮಾತುಗಳು ಉಳಿದವು. ನಮ್ಮ ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ ವಿಧಾನಸೌಧದ ನಿಲ್ದಾಣದಲ್ಲಿ ಇಳಿದರೆ ಎದುರಿಗೆ ಕಾಣುವ ಕೆಂಪು ಕಟ್ಟಡ ರಾಜ್ಯದ ಹೈಕೋರ್ಟ್. 1868ರಲ್ಲಿ ಪೂರ್ಣಗೊಂಡ ಆ ಕಟ್ಟಡಕ್ಕೆ ಜನರಿಟ್ಟ ಹೆಸರು ‘ಅಠಾರಾ ಕಚೇರಿ’. ಸರ್ಕಾರದ ಹದಿನೆಂಟು ಇಲಾಖೆಗಳು ಅಲ್ಲಿದ್ದವೆಂದು ಹದಿನೆಂಟರ ಉರ್ದು ಹೆಸರೇ ಅದಕ್ಕೆ ಅಂಟಿಕೊಂಡಿತು.

ಇನ್ನು ಮೂಲ ಧಾತುವಿನ ಅರ್ಥಕ್ಕೆ ಬರೋಣ. ಹಿಜರಿ ನಾಲ್ಕನೆಯ ಶತಮಾನದ ಪ್ರಸಿದ್ಧ ಭಾಷಾ ವಿದ್ವಾಂಸ ಇಬ್ನು ಫಾರಿಸ್, ಈ ಧಾತುವಿಗೆ ಒಂದು ವಸ್ತುವನ್ನು ಅದನ್ನು ಒಳಗೊಳ್ಳುವ ಇನ್ನೊಂದರೊಳಗೆ ಇಡುವುದು ಎಂಬ ಅರ್ಥ ಕೊಡುತ್ತಾರೆ. ಇನ್ನೊಬ್ಬನ ಹೊಣೆಯನ್ನು ತನ್ನ ಹೊಣೆಯೊಳಗೆ ಸೇರಿಸಿಕೊಳ್ಳುವುದರಿಂದಲೇ ಅವನು ಳಾಮಿನ್. ಆಶ್ಚರ್ಯವೆಂದರೆ, ನಾನು ಈಗ ಬಳಸಿದ ‘ಹೊಣೆ’ ಎಂಬ ಅಚ್ಚಗನ್ನಡ ಶಬ್ದದ ಕಥೆಯೂ ಇದೇ. ಹಳಗನ್ನಡದಲ್ಲಿ ಅದು ‘ಪೊಣೆ’. ಪಾಲು ಹಾಲಾದಂತೆ ಪೊಣೆ ಹೊಣೆಯಾಯಿತು. ಅಂದು ಅದರ ಅರ್ಥ ಜಾಮೀನು ಎಂದೇ ಇತ್ತು. ಇಂದು ನಾವು ಜವಾಬ್ದಾರಿ ಎಂಬುದಕ್ಕೆಲ್ಲ ಹೊಣೆ ಎನ್ನುತ್ತೇವೆ. ಅಂದರೆ ಕನ್ನಡಿಗರ ಕಣ್ಣಿನಲ್ಲಿ ಜವಾಬ್ದಾರಿಯ ಮೊದಲ ರೂಪವೇ ಇನ್ನೊಬ್ಬರಿಗಾಗಿ ನಿಲ್ಲುವುದು.

ಮಸ್ಜಿದ್‌ನಲ್ಲಿ ಜಾಮೀನು

ಈ ಶಬ್ದ ಕೋರ್ಟಿಗೆ ಬರುವ ಮೊದಲೇ ಪ್ರವಾದಿವರ್ಯರ(ಸ) ಮಸ್ಜಿದ್‌ನಲ್ಲಿತ್ತು. ಇಮಾಮನು ‘ಳಾಮಿನ್’, ಮುಅದ್ದಿನ್ ವಿಶ್ವಾಸಾರ್ಹನು ಎಂಬ ಅರ್ಥದ ಹದೀಸ್ ಅಬೂ ದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿದೆ. ಹಿಂದೆ ನಿಂತವರ ನಮಾಝಿನ ಹೊಣೆ ಮುಂದೆ ನಿಂತವನ ಮೇಲಿದೆ ಎಂದು ಉಲಮಾಗಳು ಅದನ್ನು ವಿವರಿಸಿದ್ದಾರೆ. ಮುಂದೆ ನಿಲ್ಲುವುದೆಂದರೆ ಗೌರವಕ್ಕಿಂತ ಮೊದಲು ಭಾರ ಎಂಬ ಪಾಠ ದಿನಕ್ಕೆ ಐದು ಸಲ ನಮಗೆ ಸಿಗುತ್ತಿದೆ. ಇನ್ನೊಂದು ಹದೀಸ್ ಬುಖಾರಿಯಲ್ಲಿದೆ. ತನ್ನ ನಾಲಿಗೆ ಮತ್ತು ತನ್ನ ಮಾನ ಇವೆರಡನ್ನು ಕಾಪಾಡಿಕೊಳ್ಳುವ ಜಾಮೀನನ್ನು ಯಾರು ಕೊಡುವರೋ ಅವರಿಗೆ ಸ್ವರ್ಗದ ಜಾಮೀನು ಕೊಡುವುದಾಗಿ ಪ್ರವಾದಿವರ್ಯರು(ಸ) ತಿಳಿಸಿದರು. ಅಲ್ಲಿಯೂ ಬಳಕೆಯಾಗಿರುವುದು ಇದೇ ಧಾತು.

ಹಝ್ರತ್ ಅಬೂ ಕತಾದಾ(ರ)ರ ಘಟನೆಯನ್ನಂತೂ ನಾವೆಲ್ಲರೂ ಮನನ ಮಾಡಬೇಕು. ಒಬ್ಬ ಸಹಾಬಿಯ ಜನಾಝಾ ತರಲಾಯಿತು. ಇವರ ಮೇಲೆ ಸಾಲವಿದೆಯೇ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಇದೆ ಎಂದು ಜನ ಹೇಳಿದರು. ಬುಖಾರಿಯ ವರದಿಯಂತೆ ಅದು ಮೂರು ದೀನಾರ್, ಇನ್ನೊಂದು ವರದಿಯಂತೆ ಎರಡು. ಹಾಗಿದ್ದರೆ ನಿಮ್ಮ ಸಂಗಾತಿಯ ನಮಾಝನ್ನು ನೀವೇ ನಿರ್ವಹಿಸಿರಿ ಎಂದು ಅವರು ಹಿಂದೆ ಸರಿದರು. ಆಗ ಅಬೂ ಕತಾದಾ(ರ) ಮುಂದೆ ಬಂದು, ಆ ಸಾಲ ನನ್ನ ಮೇಲಿರಲಿ ಎಂದರು. ಪ್ರವಾದಿವರ್ಯರು(ಸ) ನಮಾಝ್ ನಿರ್ವಹಿಸಿದರು.

ಸಾಮಾನ್ಯವಾಗಿ ಭಾಷಣಗಳಲ್ಲಿ ಕಥೆ ಇಲ್ಲಿಗೆ ನಿಲ್ಲುತ್ತದೆ. ಆದರೆ ಹಝ್ರತ್ ಜಾಬಿರ್(ರ)ರ ವರದಿಯಲ್ಲಿ ಮುಂದಿನ ಭಾಗವೂ ಇದೆ. ಮರುದಿನ ಪ್ರವಾದಿವರ್ಯರು(ಸ) ಆ ಎರಡು ದೀನಾರುಗಳು ಏನಾದವೆಂದು ಅಬೂ ಕತಾದಾರನ್ನು ಕೇಳಿದರು. ಅವರು ತೀರಿಕೊಂಡದ್ದು ನಿನ್ನೆ ತಾನೇ ಎಂದು ಉತ್ತರ ಬಂತು. ಅದರ ಮರುದಿನ ಮತ್ತೆ ಕೇಳಿದರು. ತೀರಿಸಿದ್ದೇನೆ ಎಂದಾಗಲೇ, ಈಗ ಮೃತರಿಗೆ ತಂಪಾಯಿತು ಎಂಬ ಅರ್ಥದ ಮಾತು ಹೇಳಿದರು. ನಾಲ್ಕು ಜನರ ಮುಂದೆ ಹೊಣೆ ಒಪ್ಪಿಕೊಳ್ಳುವುದು ಒಂದು ಕ್ಷಣದ ಕೆಲಸ. ಅದು ಪೂರ್ತಿಯಾಗುವುದು ಕೊಟ್ಟ ಮಾತು ತೀರಿದಾಗಲೇ. ಜಾಮೀನು ನಿಂತವನೇ ತೆರಬೇಕಾದವನು ಎಂಬುದು ಹದೀಸ್‌ನ ಇನ್ನೊಂದು ನಿಯಮ. ನಮ್ಮ ದೇಶದ 1872ರ ಕರಾರು ಕಾಯ್ದೆಯೂ ಸಾಲಗಾರನ ಹೊಣೆಯಷ್ಟೇ ಜಾಮೀನುದಾರನ ಹೊಣೆ ಎಂದು ಹೇಳುತ್ತದೆ. ಬ್ಯಾಂಕಿನಲ್ಲಿ ಸ್ನೇಹಿತನ ಸಾಲಕ್ಕೆ, ‘ಸುಮ್ಮನೆ ಒಂದು ಸಹಿ’ ಎಂದು ಹಾಕುವವರು ಇದನ್ನು ಮರೆಯಬಾರದು.

ಕೋರ್ಟಿನ ಜಾಮೀನುದಾರ ಏನು ಒಪ್ಪಿಕೊಳ್ಳುತ್ತಾನೆ?

ಕ್ರಿಮಿನಲ್ ಮೊಕದ್ದಮೆಯ ಜಾಮೀನು ಸಾಲದ ಜಾಮೀನಿಗಿಂತ ಸ್ವಲ್ಪ ಭಿನ್ನ. ಇಲ್ಲಿ ಒಪ್ಪಿಕೊಳ್ಳುವುದು, ಕರೆದ ತಾರೀಖಿನಂದು ಆರೋಪಿಯನ್ನು ಕೋರ್ಟಿನಲ್ಲಿ ಹಾಜರಿರುವಂತೆ ನೋಡಿಕೊಳ್ಳುತ್ತೇನೆ, ತಪ್ಪಿದರೆ ಇಷ್ಟು ಹಣ ತೆರುತ್ತೇನೆ ಎಂದು. ನಮ್ಮ ಫುಕಹಾಗಳು ಇದನ್ನು ವ್ಯಕ್ತಿಯ ಕಫಾಲತ್ ಎಂದು ಪ್ರತ್ಯೇಕ ಅಧ್ಯಾಯದಲ್ಲಿ ಚರ್ಚಿಸಿದ್ದಾರೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಮುಖ್ಯ ನಿಯಮಗಳು ಮುಂದುವರಿದಿವೆ. ಜಾಮೀನು ನಿಲ್ಲುವವನು ತಾನು ಇದುವರೆಗೆ ಎಷ್ಟು ಜನರಿಗೆ ನಿಂತಿದ್ದೇನೆಂದು ಕೋರ್ಟಿಗೆ ಘೋಷಿಸಬೇಕು. ಆರೋಪಿ ತಲೆಮರೆಸಿಕೊಂಡರೆ ಮುಚ್ಚಳಿಕೆಯ ಹಣವನ್ನು ಅವನಿಂದ ವಸೂಲು ಮಾಡಬಹುದು. ತೆರದಿದ್ದರೆ ಸಿವಿಲ್ ಜೈಲಿಗೂ ಹೋಗಬೇಕಾದೀತು. ಆರೋಪಿಯ ನಡತೆ ಕೆಟ್ಟಿತೆಂದು ಕಂಡರೆ, ನನ್ನನ್ನು ಹೊಣೆಯಿಂದ ಬಿಡಿಸಿರಿ ಎಂದು ಅರ್ಜಿ ಕೊಡುವ ಹಕ್ಕೂ ಅವನಿಗಿದೆ. ಆಗ ಕೋರ್ಟು ಆರೋಪಿಯನ್ನು ಕರೆಸಿ ಬೇರೆ ಜಾಮೀನು ಕೇಳುತ್ತದೆ.

ಹಲವರು ಮಸ್ಜಿದ್‌ನಲ್ಲಿ ಒಂದು ಸಂದೇಹ ಕೇಳುವುದುಂಟು: “ಹಝ್ರತ್, ಆ ಹುಡುಗ ತಪ್ಪು ಮಾಡಿದ್ದಾನೋ ಇಲ್ಲವೋ ಗೊತ್ತಿಲ್ಲ. ಅವನಿಗೆ ಜಾಮೀನು ನಿಂತರೆ ಪಾಪದಲ್ಲಿ ಪಾಲುಗೊಂಡಂತೆ ಆಗುವುದಿಲ್ಲವೇ?” ಉತ್ತರ ಶಬ್ದದ ಅರ್ಥದಲ್ಲೇ ಇದೆ. ಜಾಮೀನುದಾರನು ಆರೋಪಿ ನಿರಪರಾಧಿ ಎಂದು ಸಾಕ್ಷಿ ಹೇಳುತ್ತಿಲ್ಲ. ಅವನು ನ್ಯಾಯದ ಮುಂದೆ ನಿಲ್ಲುವಂತೆ ನೋಡಿಕೊಳ್ಳುವೆ ಎನ್ನುತ್ತಿದ್ದಾನೆ. ಇದು ನ್ಯಾಯಕ್ಕೆ ಕೊಡುವ ಸಹಕಾರ. ಅಪರಾಧ ರುಜುವಾತಾಗುವವರೆಗೆ ಯಾರನ್ನೂ ಅಪರಾಧಿಯೆಂದು ಕರೆಯುವ ಅಧಿಕಾರವೂ ನಮಗಿಲ್ಲ.

ಇದರ ಮಿತಿಯನ್ನು ಸೂರಃ ಯೂಸುಫ್ ಸುಂದರವಾಗಿ ತೋರಿಸುತ್ತದೆ. ರಾಜನ ಪಾತ್ರೆ ಕಾಣೆಯಾದಾಗ ಅದನ್ನು ತಂದುಕೊಡುವವರಿಗೆ ಒಂದು ಒಂಟೆಯ ಹೊರೆಯಷ್ಟು ಧಾನ್ಯ ಸಿಗುವುದೆಂದು ಸಾರಿದವನು, ಅದಕ್ಕೆ ತಾನೇ ಹೊಣೆ ಎಂದು ಸೇರಿಸುತ್ತಾನೆ. ಜಾಮೀನು ಸಮ್ಮತವೆಂಬುದಕ್ಕೆ ವಿದ್ವಾಂಸರು ಈ ಆಯತನ್ನು ಆಧಾರವಾಗಿ ಕೊಡುತ್ತಾರೆ. ಅದೇ ಪ್ರಸಂಗದಲ್ಲಿ ಪಾತ್ರೆಯು ಕಿರಿಯ ಸಹೋದರನ ಮೂಟೆಯಲ್ಲಿ ಸಿಕ್ಕಾಗ, ಅವನ ಬದಲು ನಮ್ಮಲ್ಲೊಬ್ಬನನ್ನು ಹಿಡಿದುಕೊಳ್ಳಿರಿ ಎಂದು ಅಣ್ಣಂದಿರು ಬೇಡುತ್ತಾರೆ. ಯೂಸುಫ್(ಅ) ಅದನ್ನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ನಾವು ಅನ್ಯಾಯಗಾರರಾದೇವು ಎನ್ನುತ್ತಾರೆ. ಹಣದ ಹೊಣೆಯನ್ನು ಇನ್ನೊಬ್ಬ ಹೊರಬಹುದು, ಹಾಜರಿಯ ಹೊಣೆಯನ್ನು ಹೊರಬಹುದು, ಆದರೆ ಅಪರಾಧವನ್ನು ಇನ್ನೊಬ್ಬನ ಕೊರಳಿಗೆ ದಾಟಿಸಲಾಗದು.

‘ನಮ್ಮವನು’ ಎಂಬ ಒಂದೇ ಕಾರಣಕ್ಕೆ ತಪ್ಪನ್ನು ಸಮರ್ಥಿಸುವುದಂತೂ ಸಲ್ಲದು. ಮದೀನಾದಲ್ಲಿ ಒಂದು ಮನೆತನದವನು ಕವಚ ಕದ್ದು ಅಪವಾದವನ್ನು ಒಬ್ಬ ಯಹೂದಿಯ ಮೇಲೆ ಹೊರಿಸಿದ, ಮನೆತನದವರೆಲ್ಲ ಅವನ ಪರ ವಾದಿಸಲು ಬಂದರು, ಆಗ ಆ ಯಹೂದಿ ನಿರಪರಾಧಿಯೆಂದು ಸಾರುವ ಆಯತುಗಳು ಅವತೀರ್ಣವಾದವು ಎಂದು ಸೂರಃ ಅನ್ನಿಸಾದ 105ನೇ ಆಯತಿನಿಂದ ಮುಂದಿನ ಭಾಗಕ್ಕೆ ತಫ್ಸೀರ್‌ಕಾರರು ಹಿನ್ನೆಲೆ ಕೊಡುತ್ತಾರೆ. ಇಹದಲ್ಲಿ ಇವರಿಗಾಗಿ ವಾದಿಸಿದಿರಿ, ಪುನರುತ್ಥಾನದ ದಿನ ಇವರ ವಕೀಲರಾಗುವವರು ಯಾರು ಎಂಬ ಪ್ರಶ್ನೆ ಅಲ್ಲಿದೆ. ನಮ್ಮ ಕೋರ್ಟಿನ ‘ವಕೀಲ’ ಎಂಬ ಮಾತೇ ಅಲ್ಲಿ ಬಳಕೆಯಾಗಿದೆ.

ಮೂರು ದ್ರೋಹಗಳು

ಈ ಪವಿತ್ರ ಹೊಣೆಗೆ ನಮ್ಮ ಸಮಾಜದಲ್ಲಿ ಮೂರು ಬಗೆಯ ದ್ರೋಹ ನಡೆಯುತ್ತಿದೆ.

ಮೊದಲನೆಯದು, ಬಾಡಿಗೆಯ ಜಾಮೀನು. ಆರೋಪಿಯ ಮುಖವನ್ನೂ ನೋಡದೆ, ಹಣ ಪಡೆದು, ಯಾರದೋ ಪಹಣಿಯನ್ನು ತನ್ನದೆಂದು ತೋರಿಸಿ ಸಹಿ ಹಾಕುವವರಿದ್ದಾರೆ. ನಕಲಿ ದಾಖಲೆಯ ಇಂತಹ ಜಾಲಗಳನ್ನು ಬೆಂಗಳೂರಿನ ಪೊಲೀಸರು ಹಲವು ಸಲ ಹಿಡಿದಿದ್ದಾರೆ. ಪ್ರವಾದಿವರ್ಯರು(ಸ) ಮಹಾಪಾಪಗಳನ್ನು ಎಣಿಸುತ್ತಾ, ಒರಗಿಕೊಂಡಿದ್ದವರು ಎದ್ದು ಕುಳಿತು ಮತ್ತೆ ಮತ್ತೆ ಎಚ್ಚರಿಸಿದ್ದು ಸುಳ್ಳು ಸಾಕ್ಷ್ಯದ ಕುರಿತು. ಸುಳ್ಳು ಜಾಮೀನು ಅದರ ಸೋದರನೇ. ದಾಖಲೆ ನಿಜವಾಗಿದ್ದರೂ ಜಾಮೀನು ನಿಂತದ್ದಕ್ಕೆ ಸಂಭಾವನೆ ಪಡೆಯುವುದನ್ನು ಬಹುತೇಕ ಫುಕಹಾಗಳು ಸಮ್ಮತಿಸಿಲ್ಲ. ಜಾಮೀನುದಾರನು ಹಣ ತೆತ್ತರೆ ಅದು ಸಾಲವಾಗುತ್ತದೆ, ಸಾಲದ ಮೇಲೆ ಪಡೆಯುವ ಲಾಭ ಬಡ್ಡಿಯಾಗುತ್ತದೆ ಎಂಬುದು ಅವರ ಕಾರಣ. ಅಲ್ಲದೆ ಇದು ಪರೋಪಕಾರದ ಕರಾರು, ವ್ಯಾಪಾರವಲ್ಲ.

ಎರಡನೆಯದು, ನಿಂತವನಿಗೆ ಮಾಡುವ ದ್ರೋಹ. ಒಬ್ಬ ಮಾಮಾ ತಾನು ಜೀವಮಾನವಿಡೀ ದುಡಿದು ಕಟ್ಟಿದ 20x30ರ ಮನೆಯ ಪತ್ರವನ್ನು ತೋರಿಸಿ ಸೋದರಳಿಯನನ್ನು ಹೊರಗೆ ತರುತ್ತಾನೆ ಎಂದುಕೊಳ್ಳಿರಿ. ಹೊರಗೆ ಬಂದವನು ಎರಡು ತಾರೀಖಿಗೆ ಹೋಗುತ್ತಾನೆ, ಮೂರನೆಯದಕ್ಕೆ ಊರು ಬಿಡುತ್ತಾನೆ. ನೋಟಿಸು ಬರುವುದು ಮಾಮಾನ ಮನೆಗೆ. ಮಾತು ಕೊಟ್ಟು ತಪ್ಪುವುದು, ನಂಬಿಕೆಗೆ ದ್ರೋಹ ಬಗೆಯುವುದು ಕಪಟಿಯ ಲಕ್ಷಣಗಳೆಂದು ನಾವು ಓದಿಲ್ಲವೇ? ಜಾಮೀನಿನ ಮೇಲೆ ಹೊರಬಂದ ಪ್ರತಿಯೊಬ್ಬ ಯುವಕನೂ ತಿಳಿದಿರಲಿ, ಅವನು ನಡೆಯುತ್ತಿರುವುದು ಇನ್ನೊಬ್ಬರ ಕೊರಳಿನ ಮೇಲೆ. ಜಾಮೀನು ನಿಲ್ಲುವ ಸಹೋದರರಿಗೂ ಒಂದು ಮಾತು. ಮನೆಯ ಪತ್ರ ಕೊಡುವ ಮುನ್ನ ಮಡದಿಯೊಂದಿಗೆ, ಬೆಳೆದ ಮಕ್ಕಳೊಂದಿಗೆ ಸಮಾಲೋಚಿಸಿರಿ. ನಿಮ್ಮ ದಯೆಯ ಬೆಲೆ ತೆರುವವರಲ್ಲಿ ಅವರೂ ಇದ್ದಾರೆ. ತೆರುವ ಶಕ್ತಿ ಇಲ್ಲದಿದ್ದರೆ ವಿನಯದಿಂದ ಇಲ್ಲವೆನ್ನಿರಿ. ಅದರಲ್ಲಿ ಪಾಪವಿಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಆದರೆ ಯಾರ ಕಣ್ಣಿಗೂ ಬೀಳದ್ದು. ಬಡವನಿಗೆ ಯಾರೂ ನಿಲ್ಲದಿರುವುದು. ಕೋರ್ಟು ಜಾಮೀನು ಕೊಟ್ಟರೂ ನಿಲ್ಲುವವರಿಲ್ಲದೆ ಒಳಗೇ ಉಳಿಯುವವರಿದ್ದಾರೆ. 1978ರಲ್ಲಿ ಮೋತಿರಾಮ್ ಎಂಬ ಮಧ್ಯಪ್ರದೇಶದ ಗಾರೆ ಕೆಲಸಗಾರನ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂತು. ಕೆಳಗಿನ ಕೋರ್ಟು ಅವನಿಂದ 10,000 ರೂಪಾಯಿಯ ಜಾಮೀನು ಕೇಳಿತ್ತು. ಅವನ ಸಹೋದರ ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿತ್ತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಒಪ್ಪದೆ, ಬಡವನ ಶಕ್ತಿಗೆ ಮೀರಿದ ಜಾಮೀನು ಕೇಳಬಾರದೆಂದು ತೀರ್ಪಿತ್ತರು. ಮರುವರ್ಷವೇ, 1979ರಲ್ಲಿ, ಹುಸೈನಾರಾ ಖಾತೂನ್ ಹೆಸರಿನ ಮೊಕದ್ದಮೆಯಲ್ಲಿ ಬಿಹಾರದ ಜೈಲುಗಳ ಸ್ಥಿತಿ ದೇಶದ ಮುಂದೆ ಬಂತು. ತಮ್ಮ ಅಪರಾಧಕ್ಕೆ ಸಿಗಬಹುದಾದ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕಳೆದವರು ಅಲ್ಲಿದ್ದರು.

ಅಲ್ಲಿಂದೀಚೆಗೆ ಕಾನೂನು ಸ್ವಲ್ಪ ಮೆತ್ತಗಾಗಿದೆ. ಜಾಮೀನು ಸಿಗಬಹುದಾದ ಸಾಮಾನ್ಯ ಅಪರಾಧಗಳಲ್ಲಿ ಒಂದು ವಾರದೊಳಗೆ ಜಾಮೀನುದಾರರನ್ನು ಒದಗಿಸಲಾಗದವನನ್ನು ಬಡವನೆಂದೇ ತಿಳಿದು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು 2005ರ ತಿದ್ದುಪಡಿ ಹೇಳಿತು. ಹೊಸ ಸಂಹಿತೆಯಲ್ಲೂ ಅದು ಉಳಿದಿದೆ. ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಠದಿಂದ ಬಿಡುಗಡೆ ತಡವಾಗುತ್ತಿದ್ದರೆ ಅಂಥ ಷರತ್ತು ಹಾಕದಿರಬಹುದೆಂದು 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಸೂಚಿಸಿತು. ಬಂಧನದಲ್ಲಿರುವ ಯಾವುದೇ ವ್ಯಕ್ತಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 15100 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಸಾಕು. ನಮ್ಮಲ್ಲಿ ಎಷ್ಟು ಕುಟುಂಬಗಳಿಗೆ ಇದು ಗೊತ್ತಿದೆ? ಗೊತ್ತಿಲ್ಲದೆ ದಲ್ಲಾಳಿಗಳ ಕೈಗೆ ಒಡವೆ ಮಾರಿದ ಹಣ ಕೊಡುವ ತಾಯಂದಿರಿದ್ದಾರೆ.

ಪ್ರಿಯ ಸಹೋದರರೇ, ಒಂದು ಮೊಹಲ್ಲಾದ ಜಮಾಅತ್‌ಗೆ ಇದು ದೊಡ್ಡ ಕೆಲಸವಲ್ಲ. ಕಾನೂನು ತಿಳಿದ ಒಬ್ಬರನ್ನು ಕರೆಸಿ ತಿಂಗಳಿಗೊಮ್ಮೆ ಮಾಹಿತಿ ಕೊಡಿಸಬಹುದು. ಮುಸ್ಲಿಮನಾಗಲಿ ಹಿಂದೂ ನೆರೆಯವನಾಗಲಿ, ಆಸರೆಯಿಲ್ಲದ ಬಡವನೊಬ್ಬ ಸಣ್ಣ ಪ್ರಕರಣದಲ್ಲಿ ಸಿಕ್ಕಿಕೊಂಡಿದ್ದರೆ ಅವನ ಹಿನ್ನೆಲೆ ವಿಚಾರಿಸಿ ಇಬ್ಬರು ಮುಂದೆ ಬರಬಹುದು. ಹಾಗೆ ಬಂದವರು ತಾರೀಖಿನ ಹಿಂದಿನ ದಿನ ಅವನ ಮನೆಗೆ ಹೋಗಿ ನೆನಪಿಸಬಹುದು. ಅಬೂ ಕತಾದಾರನ್ನು(ರ) ಎರಡು ದಿನ ಬೆನ್ನುಬಿಡದೆ ವಿಚಾರಿಸಿದ ಪ್ರವಾದಿವರ್ಯರ(ಸ) ಮಾದರಿ ಅದೇ ಅಲ್ಲವೇ?

ಎಲ್ಲ ಜಾಮೀನುಗಳ ಮೇಲಿರುವ ಜಾಮೀನು

ಬುಖಾರಿಯ ಕಫಾಲತ್ ಅಧ್ಯಾಯದಲ್ಲಿ ಇಸ್ರಾಈಲ್ ಸಂತತಿಯ ಇಬ್ಬರ ಕಥೆಯಿದೆ. ಒಬ್ಬನು ಇನ್ನೊಬ್ಬನಿಂದ ಸಾವಿರ ದೀನಾರ್ ಸಾಲ ಕೇಳಿದ. ಸಾಕ್ಷಿ ಯಾರು ಎಂದಾಗ ಅಲ್ಲಾಹನು ಸಾಕು ಎಂದ. ಜಾಮೀನು ಯಾರು ಎಂದಾಗಲೂ ಅಲ್ಲಾಹನು ಸಾಕು ಎಂದ. ಅವನು ನಂಬಿ ಕೊಟ್ಟ. ವಾಯಿದೆಯ ದಿನ ಬಂದಾಗ ಸಾಲಗಾರನು ಸಮುದ್ರದ ಆಚೆ ದಡದಲ್ಲಿದ್ದ. ಎಷ್ಟು ಹುಡುಕಿದರೂ ಹಡಗು ಸಿಗಲಿಲ್ಲ. ಮರದ ತುಂಡೊಂದನ್ನು ಕೊರೆದು, ದೀನಾರುಗಳನ್ನೂ ಒಂದು ಪತ್ರವನ್ನೂ ಒಳಗಿಟ್ಟು, ಬಾಯಿ ಮುಚ್ಚಿ, ನಿನ್ನನ್ನೇ ಜಾಮೀನು ಕೊಟ್ಟಿದ್ದೆನಲ್ಲಾ ಎಂದು ಅಲ್ಲಾಹನೊಡನೆ ಮೊರೆಯಿಟ್ಟು ನೀರಿಗೆ ಬಿಟ್ಟ. ಅದು ಸೌದೆಯೆಂದು ಸಾಲಿಗನ ಕೈಗೇ ಸಿಕ್ಕಿತು. ನಂತರ ಹಡಗು ಸಿಕ್ಕಾಗ ಅವನು ಇನ್ನೊಂದು ಸಾವಿರ ದೀನಾರ್ ತೆಗೆದುಕೊಂಡು ಬಂದ, ಆದರೆ ಸಾಲ ಆಗಲೇ ಸಂದಿದೆಯೆಂದು ತಿಳಿಯಿತು. ಅಲ್ಲಾಹನನ್ನು ಜಾಮೀನು ಕೊಟ್ಟವನು ಅಲ್ಲಾಹನ ಹೆಸರನ್ನು ನೆಪ ಮಾಡಿಕೊಳ್ಳಲಿಲ್ಲ ಎಂಬುದನ್ನು ಗಮನಿಸಿರಿ. ‘ಅಲ್ಲಾಹ್‌ನ ಆಣೆ, ನಾಳೆ ಕೊಡುತ್ತೇನೆ’ ಎಂದು ಅಂಗಡಿಯವನಿಗೆ ಸಲೀಸಾಗಿ ಹೇಳುವ ನಾವು ಪ್ರತಿ ಸಲವೂ ಯಾರನ್ನು ಜಾಮೀನು ಕೊಡುತ್ತಿದ್ದೇವೆಂದು ಯೋಚಿಸಿದ್ದೇವೆಯೇ?

ಇಹಲೋಕದ ಕೋರ್ಟಿನಲ್ಲಿ ಅಣ್ಣನಿಗೆ ತಮ್ಮ ನಿಲ್ಲಬಹುದು, ಮಗನಿಗೆ ತಂದೆ ನಿಲ್ಲಬಹುದು. ಆ ಮಹಾದಿನದಲ್ಲಿ ಯಾರೂ ಇನ್ನೊಬ್ಬರ ಭಾರ ಹೊರುವುದಿಲ್ಲ, ಹತ್ತಿರದ ಸಂಬಂಧಿಕರನ್ನು ಕೂಗಿ ಕರೆದರೂ ಅದರಲ್ಲಿ ಕಿಂಚಿತ್ತನ್ನೂ ಯಾರೂ ಎತ್ತಿಕೊಳ್ಳುವುದಿಲ್ಲ ಎಂದು ಕುರ್‌ಆನ್ ಸೂರಃ ಫಾತಿರ್‌ನಲ್ಲಿ ತಿಳಿಸುತ್ತದೆ. ಇನ್ನೊಬ್ಬರಿಗಾಗಿ ನಿಲ್ಲುವ ಅವಕಾಶ ನಮಗಿರುವುದು ಈ ಲೋಕದಲ್ಲಿ ಮಾತ್ರ. ಅದನ್ನು ಕಳೆದುಕೊಳ್ಳದಿರೋಣ, ಕಲುಷಿತಗೊಳಿಸದಿರೋಣ.

ಕೊಟ್ಟ ಮಾತನ್ನು ತೀರಿಸುವ ಶಕ್ತಿಯನ್ನೂ, ಆಸರೆಯಿಲ್ಲದವರ ಪರವಾಗಿ ಮುಂದೆ ಬರುವ ಧೈರ್ಯವನ್ನೂ, ಸತ್ಯವನ್ನು ಬಿಟ್ಟು ಯಾರ ಪರವಾಗಿಯೂ ನಿಲ್ಲದ ವಿವೇಕವನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.